ಮೊದಲು ಕೇಳು, ಆಮೇಲೆ ಆಜ್ಞೆ: ಲಿನಕ್ಸ್‌ನಲ್ಲಿ ಡ್ರೈವರ್ ಅಳವಡಿಸುವ ಪಾಠ

ತರಗತಿ: 9
ಅವಧಿ: 40 ನಿಮಿಷ
ಸ್ಥಳ: ಸಿರಿಮನೆ ಸಮೀಪದ ಒಂದು ಪ್ರೌಢಶಾಲೆ
ಸಾಮಗ್ರಿ: ಹೊಸದಾಗಿ ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪ್, ಮೊಬೈಲ್, ಯುಎಸ್‌ಬಿ ಕೇಬಲ್, ಕಪ್ಪುಹಲಗೆ

ಪಾಠದ ಉದ್ದೇಶ

ವೈಫೈ ಚಿಪ್‌ಗೆ ಸ್ವಾಮ್ಯದ ಡ್ರೈವರನ್ನು ಆಜ್ಞಾಸಾಲಿನಿಂದ ಅಳವಡಿಸುವುದು ಪಾಠದ ಹೊರರೂಪ. ಯಂತ್ರಕ್ಕೆ ಆಜ್ಞೆ ಕೊಡುವ ಮೊದಲು ಅದರ ಸ್ಥಿತಿಯನ್ನು ಕೇಳಿ ತಿಳಿಯುವ ಅಭ್ಯಾಸ ಬೆಳೆಸುವುದು ನಿಜವಾದ ಉದ್ದೇಶ. ಮಳೆಗಾಲದಲ್ಲಿ ಶೃಂಗೇರಿಯಿಂದ ರಿಪೇರಿಯವರನ್ನು ಕರೆಸುವುದು ಸುಲಭವಲ್ಲ. ಇರುವ ಒಂದೇ ಯಂತ್ರವನ್ನು ಶಾಲೆಯವರೇ ಅರ್ಥಮಾಡಿಕೊಳ್ಳಬೇಕು.

ಹಲಗೆಯ ಮೇಲೆ ಆಜ್ಞೆಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಬರೆಯಬೇಕು. ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ.

1. ತೊಡಗಿಸುವಿಕೆ

‘ಡ್ರೈವರ್ ಅಂದರೆ ಯಾರು?’ ಎಂದು ಕೇಳಿದೆ. ‘ಜೀಪ್ ಓಡಿಸುವವರು ಸರ್’ ಎಂದರು. ‘ತೋಟಕ್ಕೆ ಹೊರರಾಜ್ಯದ ಕೆಲಸದವರು ಬಂದರೆ ಮಾಲೀಕರ ಮಾತನ್ನು ಅವರಿಗೆ ತಲುಪಿಸುವವರು ಯಾರು?’ ‘ಮೇಸ್ತ್ರಿ!’ ಇಲ್ಲಿಂದ ಪಾಠ ಸಾಗಿತು. ಕರ್ನಲ್ ಮಾಲೀಕ, ವೈಫೈ ಚಿಪ್ ಕೆಲಸಗಾರ, ನಡುವೆ ಮಾತು ದಾಟಿಸುವ ಮೇಸ್ತ್ರಿಯೇ ಡ್ರೈವರ್.

2. ಅನ್ವೇಷಣೆ

ಐದೈದು ಮಕ್ಕಳ ಗುಂಪು ಸರದಿಯಂತೆ ಬಂದು ‘ಎಲ್‌ಎಸ್‌ಪಿಸಿಐ’ ಆಜ್ಞೆಯನ್ನು ‘ಎನ್‌ಎನ್‌ಕೆ’ ಆಯ್ಕೆಯೊಂದಿಗೆ ಕೊಟ್ಟು ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡಿತು: ಯಾವ ಚಿಪ್? ಅದರ ಗುರುತು ಸಂಖ್ಯೆ ಏನು? ಈಗ ಯಾವ ಡ್ರೈವರ್ ಬಳಕೆಯಲ್ಲಿದೆ? ಗುರುತು ಸಂಖ್ಯೆಯ ಮೊದಲರ್ಧ 14ಇ4 ಎಂದಿದ್ದರೆ ತಯಾರಕರು ಬ್ರಾಡ್‌ಕಾಮ್. ಬಳಿಕ ‘ಐಪಿ ಲಿಂಕ್’ ಕೊಟ್ಟು, ಪಟ್ಟಿಯಲ್ಲಿ ವೈಫೈ ಸಂಪರ್ಕದ ಹೆಸರಿಲ್ಲ ಎಂಬುದನ್ನು ಅವರೇ ಗುರುತಿಸಿದರು. ಈ ಎರಡೂ ಆಜ್ಞೆಗಳು ಕೇಳುತ್ತವೆ, ಏನನ್ನೂ ಬದಲಿಸುವುದಿಲ್ಲ. ಆದ್ದರಿಂದ ಮಕ್ಕಳ ಕೈಗೆ ಕೀಲಿಮಣೆಯನ್ನು ಧೈರ್ಯವಾಗಿ ಕೊಡಬಹುದು.

3. ವಿವರಣೆ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್‌ನ ಜೊತೆಯಲ್ಲೇ ಈಗ ಸಾವಿರಾರು ಡ್ರೈವರ್‌ಗಳು ಬರುತ್ತವೆ; ಅವುಗಳ ಮೂಲ ಸಂಕೇತವನ್ನು ಯಾರಾದರೂ ಓದಿ ತಿದ್ದಬಹುದು. ಸ್ವಾಮ್ಯದ ಡ್ರೈವರ್‌ನಲ್ಲಿ ಮುಖ್ಯ ಭಾಗ ಮುಚ್ಚಿರುತ್ತದೆ. ಅದು ಲೆಕ್ಕದ ಪುಸ್ತಕ ತೋರಿಸದ ಮೇಸ್ತ್ರಿಯಂತೆ: ಕೆಲಸವೇನೋ ಆಗುತ್ತದೆ, ಒಳಗೆ ಏನು ನಡೆಯಿತೆಂದು ನೋಡಲಾಗದು.

4. ವಿಸ್ತರಣೆ

ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಟೆದರಿಂಗ್ ಮೂಲಕ ಇಂಟರ್ನೆಟ್ ಪಡೆದೆವು. ಆಮೇಲಿನ ಕ್ರಮ:

• ‘ಸುಡೊ ಎಪಿಟಿ ಅಪ್‌ಡೇಟ್’: ಪ್ಯಾಕೇಜ್ ಪಟ್ಟಿ ನವೀಕರಣ.
• ‘ಸುಡೊ ಎಪಿಟಿ ಇನ್‌ಸ್ಟಾಲ್’ ಬರೆದು, ಮುಂದೆ ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’ ಎಂಬ ಪ್ಯಾಕೇಜಿನ ಹೆಸರು: ಡ್ರೈವರ್ ಅಳವಡಿಕೆ.
• ಯಂತ್ರದ ಮರುಚಾಲನೆ.
• ಮತ್ತೆ ‘ಐಪಿ ಲಿಂಕ್’: ‘ಡಬ್ಲ್ಯುಎಲ್’ ಎಂದು ಆರಂಭವಾಗುವ ಹೆಸರು ಬಂದಿದೆಯೇ?

‘ಸುಡೊ’ ಎಂದರೆ ಯಂತ್ರದ ಪೂರ್ಣ ಅಧಿಕಾರ ಪಡೆಯುವುದು. ಅದಿರುವ ಸಾಲಿಗೆ ಎಂಟರ್ ಒತ್ತುವ ಮೊದಲು ‘ಇದು ಏನನ್ನು ಬದಲಿಸುತ್ತದೆ?’ ಎಂದು ಒಬ್ಬರು ಗಟ್ಟಿಯಾಗಿ ಹೇಳಬೇಕೆಂಬ ನಿಯಮ ಮಾಡಿದ್ದೆ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರಗಳಲ್ಲಿ ಅಳವಡಿಕೆಯ ನಡುವೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮರುಚಾಲನೆಯಾಗುವಾಗ ಬರುವ ನೀಲಿ ಪರದೆಯಲ್ಲಿ ಅದನ್ನೇ ಕೊಡಬೇಕು. ಶಿಕ್ಷಕರು ಇದನ್ನು ಮೊದಲೇ ನೋಡಿಕೊಂಡಿರುವುದು ಒಳ್ಳೆಯದು.

ಕೊನೆಗೆ ‘ಮಾಡ್‌ಇನ್ಫೊ ಡಬ್ಲ್ಯುಎಲ್’ ಕೊಟ್ಟಾಗ ಪರವಾನಗಿಯ ಸಾಲಿನಲ್ಲಿದ್ದ ‘ಪ್ರೊಪ್ರೈಟರಿ’ ಪದವನ್ನು ಮಕ್ಕಳೇ ಓದಿದರು. ‘ಕಂಪನಿಯವರು ಇದನ್ನು ನೋಡಿಕೊಳ್ಳುವುದು ನಿಲ್ಲಿಸಿದರೆ?’ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಕರ್ನಲ್ ಬದಲಾದಂತೆ ಇಂಥ ಡ್ರೈವರ್ ಹೊಂದಿಕೊಳ್ಳದೆ ಹೋಗಬಹುದು. ಮುಚ್ಚಿದ ಭಾಗದ ದೋಷವನ್ನು ಹೊರಗಿನವರು ತಿದ್ದಲಾರರು. ಸ್ವಾಮ್ಯದ ತಂತ್ರಾಂಶವೆಂದರೇನೆಂಬುದನ್ನು ಈ ಪ್ರಶ್ನೆ ಯಾವ ವ್ಯಾಖ್ಯೆಗಿಂತ ಚೆನ್ನಾಗಿ ತರಗತಿಗೆ ತಂದಿತು.

5. ಮೌಲ್ಯಮಾಪನ

‘ಯುಎಸ್‌ಬಿ ಪ್ರಿಂಟರ್ ಜೋಡಿಸಿದ್ದೀರಿ, ಕೆಲಸ ಮಾಡುತ್ತಿಲ್ಲ. ಮೊದಲು ಏನು ಮಾಡುವಿರಿ?’ ಎಂಬುದು ಪ್ರಶ್ನೆ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯ ಹೆಸರನ್ನು ನಾನು ಹೇಳಿರಲಿಲ್ಲ. ಒಂದು ಗುಂಪು ಅದನ್ನು ಊಹಿಸಿ ಬರೆಯಿತು. ಉಳಿದವರು ‘ಯಂತ್ರಕ್ಕೆ ಅದು ಕಾಣಿಸುತ್ತಿದೆಯೇ ಎಂದು ಕೇಳುತ್ತೇವೆ’ ಎಂದು ಬರೆದರು. ಎರಡಕ್ಕೂ ಪೂರ್ಣ ಅಂಕ ಕೊಟ್ಟೆ.

ಪ್ರತಿಫಲನ

‘ಪಠ್ಯದಲ್ಲಿಲ್ಲದ ಇದು ಏಕೆ?’ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ವಿಜ್ಞಾನದ ಪಾಠದಲ್ಲಿ ನಾವು ಕಲಿಸುವ ವೀಕ್ಷಣೆ, ಊಹೆ, ಪರೀಕ್ಷೆಗಳೇ ಇಲ್ಲೂ ಇವೆ, ಉತ್ತರ ಮಾತ್ರ ಪರದೆಯ ಮೇಲೆ ತಕ್ಷಣ ಬರುತ್ತದೆ ಎಂದೆ. ಆಜ್ಞೆಗಳ ಪಟ್ಟಿ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ವೈಫೈ ಬರುತ್ತಿತ್ತು. ಆದರೆ ಪ್ರಿಂಟರ್ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರ ಇರುತ್ತಿರಲಿಲ್ಲ.