ಮಳೆನೀರನ್ನು ಕುಡಿಯುವ ಅಂಗಳ



ನಮ್ಮ ಮನೆಯ ಮುಂದಿನ ಅಂಗಳ ಮೊದಲು ಮಣ್ಣಿನದಾಗಿತ್ತು. ಮಳೆ ಬಂದರೆ ಕೆಸರು, ಗಾಡಿ ನಿಲ್ಲಿಸಿದರೆ ಹೊಂಡ. ಇದಕ್ಕೆ ಬೇಸತ್ತು ಒಂದು ಸೆಂಟಿನಷ್ಟು ಜಾಗಕ್ಕೆ ಗಟ್ಟಿ ಸಿಮೆಂಟಿನ ನೆಲ ಹಾಕಿಸಿದೆವು. ನೋಡಲು ಕನ್ನಡಿಯಂತಿತ್ತು. ಮುಂದಿನ ಐಪ್ಪಸಿ ತಿಂಗಳಲ್ಲಿ ಒಂದೇ ರಾತ್ರಿ ಸುರಿದ ಮಳೆಯ ನೀರೆಲ್ಲ ಅದರ ಮೇಲಿಂದ ಜಾರಿ, ತಗ್ಗಿನಲ್ಲಿದ್ದ ನೆರೆಮನೆಯ ಕೊಟ್ಟಿಗೆಗೆ ನುಗ್ಗಿತು. ಮಣ್ಣಿನ ಗೋಡೆ ಕುಸಿಯಿತು. ಎಮ್ಮೆ ಬದುಕಿದ್ದೇ ಪುಣ್ಯ. ಗೋಡೆಯನ್ನೇನೋ ಕಟ್ಟಿಸಿಕೊಟ್ಟೆವು. ಕೆಟ್ಟ ಮಾತು ಸರಿಹೋಗಲು ಒಂದು ವರ್ಷ ಹಿಡಿಯಿತು. ತಪ್ಪು ಮಳೆಯದಲ್ಲ, ನಮ್ಮದು.

ಆ ನೆಲವನ್ನು ಒಡೆದು ನೀರಿಳಿಯುವ ನೆಲ ಹಾಕಿದೆವು. ಅದರ ಕ್ರಮವನ್ನು ಇಲ್ಲಿ ತಿಳಿಸುತ್ತೇವೆ.

ಏಕೆ ಬೇಕು?

ದಿಂಡಿಗಲ್, ತೇನಿ ಸೀಮೆಯ ಬಹುಭಾಗದಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಗಟ್ಟಿ ಬಂಡೆ. ಬಾವಿಗೆ ಬರುವ ನೀರು ಬಂಡೆಯ ಬಿರುಕುಗಳಲ್ಲಿಯೂ ಅದರ ಮೇಲಿನ ಶಿಥಿಲ ಪದರದಲ್ಲಿಯೂ ನಿಂತ ಮಳೆನೀರೇ. ಕಂಬಂ ಕಣಿವೆಯ ಗದ್ದೆಗಳಿಗೆ 1895ರಲ್ಲಿ ಮುಗಿದ ಪೆರಿಯಾರ್ ಅಣೆಯ ನೀರು ಸಿಗುತ್ತದೆ. ಮೇಲ್ದಿಣ್ಣೆಯ ತೋಟಗಳಿಗೆ ಬಾವಿಯೇ ಗತಿ. ತಮಿಳುನಾಡಿನಲ್ಲಿ 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಅಂದಿನಿಂದ ಚಾವಣಿಯ ನೀರಿಗೆ ಕೊಳವೆ ಇಟ್ಟೆವು, ಅಂಗಳದ ನೀರನ್ನು ಮರೆತೆವು.

ಒಂದು ಲೆಕ್ಕ ಮಾಡೋಣ. ಒಂದು ಸೆಂಟು ಎಂದರೆ ಸುಮಾರು 40 ಚದರ ಮೀಟರು. ಅದರ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ 2,000 ಲೀಟರು ನೀರು. ನೆಲದಡಿ 20 ಸೆಂಟಿಮೀಟರು ಜಲ್ಲಿ ಹಾಕಿದರೆ ಅದು 8 ಘನ ಮೀಟರು. ಒಂದೇ ಗಾತ್ರದ ಜಲ್ಲಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಬರಿಯ ಸಂದು. ಅಂದರೆ 3,200 ಲೀಟರು ಹಿಡಿಸುತ್ತದೆ. ಆ ರಾತ್ರಿಯ ನೀರು ಅಲ್ಲಿಯೇ ನಿಂತು ಮೆಲ್ಲನೆ ಇಳಿಯಬಹುದಾಗಿತ್ತು.

ಮೊದಲು ಮಣ್ಣಿನ ಪರೀಕ್ಷೆ

ಒಂದೂವರೆ ಅಡಿ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ ಅರ್ಧ ಅಂಗುಲವಾದರೂ ಇಳಿದರೆ ಜಾಗ ಒಳ್ಳೆಯದು. ನೆನೆದರೆ ಉಬ್ಬುವ ಎರೆಮಣ್ಣಿನಲ್ಲಿ ಈ ಕೆಲಸ ಬೇಡ. ಬಂಡೆ ಮೇಲಕ್ಕೇ ಇದ್ದರೂ ಬೇಡ. ಗೊಬ್ಬರದ ಗುಂಡಿಯ ಬಳಿ, ದನ ಕಟ್ಟುವ ಕಡೆ, ದ್ರಾಕ್ಷಿಗೆ ಹೊಡೆಯುವ ಔಷಧಿ ಕಲಸುವ ಕಡೆ ಎಂದಿಗೂ ಹಾಕಕೂಡದು. ನೀರು ಇಳಿಯುವ ದಾರಿಯಲ್ಲಿ ವಿಷವೂ ಇಳಿದು ಬಾವಿ ಸೇರುತ್ತದೆ.

ಹಾಕುವ ಕ್ರಮ

1. ಸುಮಾರು 14 ಅಂಗುಲ ಅಗೆದು ತಳವನ್ನು ಸಮ ಮಾಡಬೇಕು. ತಳದ ಮಣ್ಣನ್ನು ದಮ್ಮಸು ಹಾಕಿ ಕಲ್ಲಾಗಿಸಬಾರದು.

2. ತೊಳೆದ, ಪುಡಿಯಿಲ್ಲದ 40 ಮಿಲಿಮೀಟರಿನ ಜಲ್ಲಿಯನ್ನು 8 ಅಂಗುಲ ಹರಡಬೇಕು. ಮೇಲ್ಮೈಗೆ ಸಣ್ಣ ಜಲ್ಲಿ ತೆಳ್ಳಗೆ ಎರಚಿ ಮಟ್ಟ ಮಾಡಬೇಕು.

3. ಕಾಂಕ್ರೀಟಿಗೆ ಒಂದು ಚೀಲ (50 ಕಿಲೋ) ಸಿಮೆಂಟು, 10 ಮಿಲಿಮೀಟರಿನ ಜಲ್ಲಿ 250 ಕಿಲೋ (ಸುಮಾರು 6 ಘನ ಅಡಿ), ನೀರು 15ರಿಂದ 16 ಲೀಟರು. ಮರಳು ಬೇಡ. ಜಲ್ಲಿಯ ಪ್ರತಿಯೊಂದು ಚೂರಿಗೂ ಸಿಮೆಂಟಿನ ಪಾಕ ಅಂಟಿ, ಚೂರುಗಳ ನಡುವೆ ಸಂದು ಉಳಿಯಬೇಕು. ಅಂಗೈಯಲ್ಲಿ ಉಂಡೆ ಕಟ್ಟಿ ನೋಡಿ. ಉದುರಿದರೆ ನೀರು ಕಡಿಮೆ; ಪಾಕ ಸೋರಿದರೆ ನೀರು ಹೆಚ್ಚು. ಪಾಕ ಕೆಳಗಿಳಿದು ಹೆಪ್ಪುಗಟ್ಟಿದರೆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ.

4. ಕೆಳಗಿನ ಜಲ್ಲಿಗೆ ನೀರು ಚಿಮುಕಿಸಿ, ಕಲಸಿದ ಒಂದು ಗಂಟೆಯೊಳಗೆ ಕಾಂಕ್ರೀಟನ್ನು 6 ಅಂಗುಲ ದಪ್ಪಕ್ಕೆ ಹರಡಿ, ಭಾರದ ಕೊಳವೆಯನ್ನು ಉರುಳಿಸಬೇಕು. ಕರಣೆಯಿಂದ ಉಜ್ಜಬಾರದು. ಹದಿನೈದು ಅಡಿಗೊಂದು ಸೀಳು ಬಿಡಬೇಕು.

5. ಇಪ್ಪತ್ತು ನಿಮಿಷದೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿ, ಏಳು ದಿನ ತೆಗೆಯದೆ ಬಿಡಬೇಕು. ನಮ್ಮ ಕಣಿವೆಯ ಗಾಳಿ ಹಸಿ ಕಾಂಕ್ರೀಟನ್ನು ಬೇಗ ಒಣಗಿಸಿ ಪುಡಿಗಟ್ಟಿಸುತ್ತದೆ. ಆದುದರಿಂದ ಬೆಳಗಿನ ಜಾವದಲ್ಲಿ ಕೆಲಸ ಹಿಡಿಯುವುದು ಒಳ್ಳೆಯದು.

ಒಂದು ಸೆಂಟಿಗೆ 6 ಘನ ಮೀಟರು ಕಾಂಕ್ರೀಟು, 36 ಚೀಲ ಸಿಮೆಂಟು ಬೇಕಾಗುತ್ತದೆ.

ನಾವು ಕಂಡ ಎರಡು ತಪ್ಪುಗಳು

ಗಾರೆ ಕೆಲಸದವರು ಮರಳಿಲ್ಲದ ಕಾಂಕ್ರೀಟನ್ನು ಕಂಡವರಲ್ಲ. ನಾವು ಮರೆತೆವೆಂದು ತಿಳಿದು, ನಾವು ಶಾಲೆಗೆ ಹೋಗಿದ್ದಾಗ ಕೊನೆಯ ಪಾಲಿಗೆ ಎರಡು ಬಾಣಲೆ ಮರಳು ಸೇರಿಸಿ ಕರಣೆಯಿಂದ ಹೊಳಪು ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆ ಮೂಲೆಯಲ್ಲಿ ಇಂದಿಗೂ ನೀರು ನಿಲ್ಲುತ್ತದೆ. ಆದುದರಿಂದ ಕೆಲಸದವರಿಗೆ ಏಕೆಂಬುದನ್ನು ಮೊದಲೇ ವಿವರಿಸಿ. ಅಪ್ಪಣೆ ಮಾಡಿದರೆ ಸಾಲದು.

ಎರಡನೆಯದು ನಮ್ಮದೇ. ಮೇಲಿನ ಹೊಲದ ಕೆಂಪು ನೀರನ್ನು ತಡೆಯಲಿಲ್ಲ. ಒಂದು ಮಳೆಗಾಲದಲ್ಲಿ ಆ ಅಂಚೆಲ್ಲ ಹೂಳಿನಿಂದ ಮುಚ್ಚಿತು. ಬಳಿಕ ಸಣ್ಣ ಬದು ಹಾಕಿ ಹುಲ್ಲು ನೆಟ್ಟು, ಒತ್ತಡದ ನೀರಿನಿಂದ ತೊಳೆಸಿದೆವು. ವರ್ಷಕ್ಕೆರಡು ಸಲ, ಮಳೆಗಾಲಗಳಿಗೆ ಮೊದಲು, ಗುಡಿಸಿ ತೊಳೆಯಲೇಬೇಕು. ಒಂದು ಬಕೆಟು ನೀರು ಸುರಿದರೆ ಅದು ಹರಡದೆ ಅಲ್ಲಿಯೇ ಮಾಯವಾಗಬೇಕು. ಹರಡಿ ಹರಿದರೆ ಸಂದು ಕಟ್ಟಿದೆ ಎಂದು ತಿಳಿಯಿರಿ.

ಡಾಂಬರಿನ ಮಾತು

ಇದೇ ತತ್ತ್ವದಲ್ಲಿ ಡಾಂಬರಿನ ನೆಲವೂ ಆಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನ ವಾಲ್ಡನ್ ಕೊಳದ ಬಳಿ 1977ರಲ್ಲಿಯೇ ಇಂಥ ವಾಹನ ನಿಲ್ದಾಣವನ್ನು ಹಾಕಿದರು. ಆದರೆ ಪುಡಿಯಿಲ್ಲದ ಜಲ್ಲಿಯಿಂದ ಬಿಸಿ ಡಾಂಬರು ಸೋರಿ ಇಳಿಯದಂತೆ ನಾರು ಅಥವಾ ರಬ್ಬರಿನಂಥ ಪದಾರ್ಥ ಬೆರೆಸಬೇಕು. ಯಂತ್ರದಲ್ಲಿ ಬಿಸಿಮಾಡಿ ಕಲಸಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಊರಿನ ಸಂತೆಮೈದಾನಕ್ಕೆ, ಶಾಲೆಯ ಆವರಣಕ್ಕೆ ತಕ್ಕುದು.

ಮಿತಿಗಳು

ಈ ನೆಲ ಸಾಮಾನ್ಯ ಕಾಂಕ್ರೀಟಿನಷ್ಟು ಬಲವಾದುದಲ್ಲ. ಕಾರು, ಕೈಗಾಡಿ, ಅಪರೂಪಕ್ಕೆ ಖಾಲಿ ಟ್ರ್ಯಾಕ್ಟರು ಸರಿ; ತುಂಬಿದ ಲಾರಿ ಬೇಡ. ಕಾಳು ಸಂದಿಗೆ ಬೀಳುವುದರಿಂದ ಕಣಕ್ಕೂ ಆಗದು. ಒಂದು ಅಂಗಳದಿಂದ ಒಂದು ಬಾವಿ ತುಂಬೀತೆಂದು ಆಶಿಸಬೇಡಿ. ಇಂಗಿದ ನೀರು ನಮ್ಮ ಬಾವಿಗೇ ಬರಬೇಕೆಂಬ ನಿಯಮವಿಲ್ಲ, ನೆರೆಯವರ ಬಾವಿಗೂ ಹೋದೀತು. ಹೋಗಲಿ. ಹಿಂದೆ ಅವರ ಗೋಡೆಗೆ ಹೋದ ನೀರು ಈಗ ಅವರ ಬಾವಿಗೆ ಹೋದರೆ ನಮಗೆ ನಷ್ಟವೇನೂ ಇಲ್ಲ.

ಮುಂದಿನ ಮಳೆಗೆ ಮೊದಲು ನಿಮ್ಮ ಅಂಗಳವನ್ನು ಅಳೆಯಿರಿ. ಎಷ್ಟು ಲೀಟರು ನೀರು ಯಾರ ಮನೆಯ ಕಡೆ ಹರಿಯುತ್ತದೆಂಬುದನ್ನು ಮಕ್ಕಳಿಂದ ಲೆಕ್ಕ ಹಾಕಿಸಿರಿ.