ಶಿಲೀಂಧ್ರನಾಶಕ ಮತ್ತು ಪರಾವಲಂಬಿ ಕಣಜ

ಟ್ರೈಕೋಗ್ರಾಮಾ ಕಣಜದ ಉದ್ದ 1 ಮಿಲಿಮೀಟರ್‌ಗಿಂತ ಕಡಿಮೆ. ಇದು ಮನುಷ್ಯರನ್ನು ಕುಟುಕುವುದಿಲ್ಲ. ಕಾಂಡಕೊರಕ, ಕಾಯಿಕೊರಕದಂಥ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಅದರ ಮರಿ ಒಳಗಿನ ತಿರುಳನ್ನು ತಿಂದು ಬೆಳೆದಂತೆ ಪತಂಗದ ಮೊಟ್ಟೆ ಕಪ್ಪಾಗುತ್ತದೆ, ಕೊನೆಗೆ ಕೀಡೆಯ ಬದಲು ಕಣಜ ಹೊರಬರುತ್ತದೆ. ರೈತರಿಗೆ ಸಿಗುವ ‘ಟ್ರೈಕೋ ಕಾರ್ಡ್’ ಎಂದರೆ ಇಂಥ ಮೊಟ್ಟೆಗಳನ್ನು ಅಂಟಿಸಿದ ರಟ್ಟು.

‘ಶಿಲೀಂಧ್ರನಾಶಕ ಕೊಲ್ಲುವುದು ಶಿಲೀಂಧ್ರವನ್ನು ಮಾತ್ರ’ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ತಪ್ಪು ಎಂದೇ ಗುರುತಿಸಿ. ಗಂಧಕವನ್ನೇ ನೋಡಿ. ದ್ರಾಕ್ಷಿಯ ಬೂದಿ ರೋಗಕ್ಕೆ ಅದು ಬಹು ಹಳೆಯ ಮದ್ದು. ಸಾವಯವ ಕೃಷಿಯಲ್ಲೂ ಅನುಮತಿಯಿದೆ. ಆದರೂ ಟ್ರೈಕೋಗ್ರಾಮಾಕ್ಕೆ ಅದು ಹಾನಿಕರ. ಕ್ಯಾಲಿಫೋರ್ನಿಯಾದ ದ್ರಾಕ್ಷಿತೋಟಗಳಲ್ಲಿ ಜಿಗಿಹುಳುವಿನ ಮೊಟ್ಟೆಗಳನ್ನು ನಾಶಮಾಡುವ ಅನಾಗ್ರಸ್ ಕಣಜಕ್ಕೂ ಗಂಧಕದಿಂದ ಪೆಟ್ಟು ಬೀಳುತ್ತದೆ. ಸಾವಯವ ಎಂದಮಾತ್ರಕ್ಕೆ ನಿರಪಾಯ ಎಂದು ನಂಬುವುದು ನಿಜಕ್ಕೂ ದುಬಾರಿ ತಪ್ಪು.

ಹಾನಿಯೆಂದರೆ ಸಾವೊಂದೇ ಅಲ್ಲ. ಬದುಕುಳಿದ ಕಣಜದ ಆಯಸ್ಸು, ಮೊಟ್ಟೆಯಿಡುವ ಶಕ್ತಿ ಕುಗ್ಗಬಹುದು. ಆತಿಥೇಯ ಮೊಟ್ಟೆಯ ಸಿಪ್ಪೆ ಒಳಗಿನ ಮರಿಗೆ ಸ್ವಲ್ಪ ರಕ್ಷಣೆ ಕೊಡುತ್ತದೆ. ಹೊರಗೆ ಓಡಾಡುವ ಪ್ರೌಢ ಕಣಜಕ್ಕೆ ಅದೂ ಇಲ್ಲ. ಆದ್ದರಿಂದಲೇ ಕಾರ್ಡ್ ಕಟ್ಟುವ ದಿನಕ್ಕೂ ಸಿಂಪಡಣೆಯ ದಿನಕ್ಕೂ ಅಂತರ ಬೇಕು.

ನೆನಪಿಡಿ: ಅಂತರರಾಷ್ಟ್ರೀಯ ಜೈವಿಕ ನಿಯಂತ್ರಣ ಸಂಘಟನೆಯ (ಐಒಬಿಸಿ) ಪ್ರಯೋಗಾಲಯ ವರ್ಗೀಕರಣದಲ್ಲಿ ಉಪಯುಕ್ತ ಕೀಟದ ಮೇಲೆ ಸಿಂಪಡಣೆಯ ಮದ್ದಿನ ದುಷ್ಪರಿಣಾಮ ಶೇ. 30ಕ್ಕಿಂತ ಕಡಿಮೆಯಿದ್ದರೆ ನಿರಪಾಯ, ಶೇ. 99 ಮೀರಿದರೆ ಹಾನಿಕರ. ಉಪಯುಕ್ತ ಕೀಟಗಳ ಸಂಶೋಧನೆ ನಡೆಸುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇರುವುದು ಬೆಂಗಳೂರಿನಲ್ಲಿ.