ಎಮ್ಮೆ, ಹೊಳೆ ಮತ್ತು ನಮ್ಮ ಮೈಯ ಬಿಸಿ

ಸಜೀವ ದೇಹದಲ್ಲಿ ದ್ರವಗಳ ಹರಿವು ಮತ್ತು ಉಷ್ಣದ ಸಾಗಾಟವನ್ನು ಕುರಿತು ವಾರ್ಷಿಕ ಸಂಚಿಕೆಗೆ ಬರೆಯುತ್ತೇನೆಂದು ಹೇಳಿದಾಗ ನನ್ನ ಗೆಳೆಯರು ನಕ್ಕರು. "ಇತಿಹಾಸ ಓದಾಂವಗ ಇದ್ಯಾಕ ಬೇಕೋ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ, ಮನೆಯ ಪರಿಸ್ಥಿತಿಯಿಂದಾಗಿ ಬಿ.ಎ. ತರಗತಿಗೆ ಸೇರಿದವನು. ಆದರೆ ಈ ವಿಷಯದ ಮೊದಲ ಪಾಠ ನನಗೆ ದೊರೆತುದು ಪ್ರಯೋಗಾಲಯದಲ್ಲಿ ಅಲ್ಲ. ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ನಮ್ಮ ಮನೆಯ ಎಮ್ಮೆಯಿಂದ. ಆ ಪಾಠವನ್ನು ಮರೆಯಲಾಗದಂತೆ ಮಾಡಿದುದು ನಮ್ಮ ಕಾಕಾನ ಜೀವಕ್ಕೆ ಬಂದ ಗಂಡಾಂತರ. ಅದರಿಂದ ನಾನು ತಿಳಿದುಕೊಂಡುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬೇಸಿಗೆಯಲ್ಲಿ ಮಧ್ಯಾಹ್ನವಾಯಿತೆಂದರೆ ನಮ್ಮ ಭಾಗದ ಎಮ್ಮೆಗಳು ಯಾರ ಮಾತನ್ನೂ ಕೇಳದೆ ಹೊಳೆಗೆ ಇಳಿಯುತ್ತವೆ. ಮೂಗು, ಕೊಂಬು ಮಾತ್ರ ಮೇಲೆ ಕಾಣುತ್ತಿರುತ್ತವೆ. ಚಿಕ್ಕವನಿದ್ದಾಗ ನಾನು ಇದನ್ನು ಸೋಮಾರಿತನವೆಂದು ತಿಳಿದು ಕಲ್ಲು ಹೊಡೆಯುತ್ತಿದ್ದೆ. ಆಗ ನಮ್ಮ ಆಯಿ ಗದರಿಸಿ ಹೇಳುತ್ತಿದ್ದಳು: "ಎಮ್ಮಿಗಿ ಬೆವರ ಇಲ್ಲಪಾ, ಹೊಳಿನ ಅದರ ಬೆವರು." ಅಕ್ಷರ ಕಲಿಯದ ಆಯಿಯ ಈ ಮಾತು ಬಹುಮಟ್ಟಿಗೆ ಶಾಸ್ತ್ರಸಮ್ಮತವಾದುದು. ಎಮ್ಮೆಗೆ ಬೆವರಿನ ಗ್ರಂಥಿಗಳು ಇಲ್ಲವೇ ಇಲ್ಲವೆಂದಲ್ಲ; ಆಕಳಿಗೆ ಹೋಲಿಸಿದರೆ ಬಹಳ ಕಡಿಮೆ. ಮೇಲಾಗಿ ಅದರ ಚರ್ಮ ಕಪ್ಪು, ಕೂದಲು ವಿರಳ. ಕಪ್ಪು ಬಣ್ಣವು ಬಿಸಿಲನ್ನು ಹೀರುತ್ತದೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಗಾಡಿ ಎಳೆದು ಬರುವ ಖಿಲಾರಿ ಎತ್ತುಗಳನ್ನು ನೋಡಿರಿ. ಅವುಗಳ ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಬೆವರಿನ ಗ್ರಂಥಿಗಳೂ ಹೇರಳವಾಗಿವೆ. ಎತ್ತು ಬಿಸಿಲಿನಲ್ಲಿ ನಡೆಯಬಲ್ಲದು. ಎಮ್ಮೆಗೆ ನೀರು ಬೇಕೇ ಬೇಕು.

2019ನೆಯ ಇಸವಿಯ ಬೇಸಿಗೆಯಲ್ಲಿ ಕೃಷ್ಣೆ ಬತ್ತಿಹೋದಳು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ನಾಲ್ಕೂ ತಾಲೂಕುಗಳ ದಂಡೆಯ ಜನ ಮಹಾರಾಷ್ಟ್ರದ ಕೊಯ್ನಾ ನೀರಿಗಾಗಿ ಬಾಯಿಬಿಟ್ಟು ಕಾಯ್ದರು. ನಮ್ಮ ಎಮ್ಮೆ ರೂಢಿಯಂತೆ ಹೊಳೆಗೆ ಹೋಗಿ, ಬಿಸಿ ಮರಳಿನ ಮೇಲೆ ನಿಂತು, ನಾಲಗೆ ಚಾಚಿ ತೇಕುತ್ತಿತ್ತು. ಹಾಲು ಅರ್ಧಕ್ಕೆ ಇಳಿಯಿತು. ಆಯಿ ಗೋಣಿಚೀಲವನ್ನು ತೊಯಿಸಿ ಅದರ ಬೆನ್ನಿನ ಮೇಲೆ ಹೊದಿಸಿ, ಒಣಗಿದಂತೆಲ್ಲ ಒಂದೊಂದು ತಂಬಿಗೆ ನೀರು ಹಾಕುತ್ತಿದ್ದಳು. ಕುಡಿಯಲು ನೀರಿಲ್ಲದಾಗ ಇದೇನು ದುಂದು ಎಂದು ನಾವು ಜಗಳಾಡಿದೆವು. ಆ ತಂಬಿಗೆಯ ನೀರಿನ ಬೆಲೆ ಮುಂದೆ ಎಂಟು ದಿನಗಳಲ್ಲಿ ನಮಗೆ ತಿಳಿಯಿತು.

ಪಂಪಿನ ಕೊಳವೆಗೆ ನೀರು ಎಟುಕದಿದ್ದುದರಿಂದ ಹೊಳೆಯ ಪಾತ್ರದಲ್ಲಿಯೇ ಮರಳು ತೋಡಿ ಒರತೆ ಹುಡುಕುವುದು ಆಗ ಎಲ್ಲರ ಕೆಲಸವಾಗಿತ್ತು. ಕಾಕಾ ಬೆಳಿಗ್ಗೆಯಿಂದ ತೋಡುತ್ತಿದ್ದರು. ಒಂದು ಗಂಟೆಯ ಸುಮಾರಿಗೆ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅವರ ಮಾತು ತೊದಲುತ್ತಿತ್ತು. ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು. ನೋಡನೋಡುತ್ತಿದ್ದಂತೆ ಕುಸಿದು ಬಿದ್ದರು. ಮುಟ್ಟಿ ನೋಡಿದರೆ ಮೈ ಕೆಂಡದಂತೆ ಸುಡುತ್ತಿತ್ತು; ಬೆವರಿನ ಹನಿಯೂ ಇರಲಿಲ್ಲ. ಜನ ಸುತ್ತಲೂ ಕವಿದರು. ಚಳಿಜ್ವರವೆಂದು ಒಬ್ಬರು ಕಂಬಳಿ ತಂದರು. ಗಾಳಿ ಸೋಕಿದೆ ಎಂದು ಇನ್ನೊಬ್ಬರು ಹೇಳಿದರು. ನಾನು ಕಂಬಳಿಯನ್ನು ಹೊದಿಸುತ್ತಿದ್ದೆ. ಅಷ್ಟರಲ್ಲಿ ಆಯಿ ಬಂದು ಕಂಬಳಿಯನ್ನು ಕಿತ್ತೆಸೆದು, ಜನರನ್ನು ದೂರ ಸರಿಸಿ, ನೆರಳಿಗೆ ಎಳೆಸಿ, ಎಮ್ಮೆಗೆಂದು ಇಟ್ಟ ಕೊಡದ ನೀರನ್ನೆಲ್ಲ ಕಾಕಾನ ಮೈಮೇಲೆ ಸುರಿದಳು. ಸೀರೆಯ ಸೆರಗಿನಿಂದ ಬೀಸತೊಡಗಿದಳು. ಆಸ್ಪತ್ರೆ ಮುಟ್ಟುವವರೆಗೂ ಗಾಡಿಯಲ್ಲಿ ಇದೇ ನಡೆಯಿತು. ಕಾಕಾ ಬದುಕಿದರು. "ಮೊದಲೇ ನೀರು ಹಾಕಿದ್ದರಿಂದ ಉಳಿದರು" ಎಂದು ವೈದ್ಯರು ಹೇಳಿದರು.

ಈಗ ಶಾಸ್ತ್ರದ ಕಡೆಗೆ ಬರೋಣ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಸುಮ್ಮನೆ ಕುಳಿತ ಮನುಷ್ಯನೂ ಹಳೆಯ ಮಾದರಿಯ ಒಂದು ವಿದ್ಯುದ್ದೀಪದಷ್ಟು, ಎಂದರೆ 75ರಿಂದ 100 ವಾಟ್‌ಗಳಷ್ಟು, ಬಿಸಿಯನ್ನು ಹೊರಹಾಕುತ್ತಿರುತ್ತಾನೆ. ಗುದ್ದಲಿ ಹಿಡಿದು ಅಗೆಯುವಾಗ ಇದು ನಾಲ್ಕೈದು ಪಟ್ಟಾಗುತ್ತದೆ. ಏಕೆಂದರೆ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲು ಕೆಲಸವಾಗಿ ಪರಿಣಮಿಸುತ್ತದೆ, ಉಳಿದುದೆಲ್ಲ ಬಿಸಿ. ಈ ಬಿಸಿ ಹೊರಗೆ ಹೋಗಲು ನಾಲ್ಕು ದಾರಿಗಳಿವೆ: ತಂಪಾದ ವಸ್ತುವನ್ನು ಮುಟ್ಟುವುದರಿಂದ ಆಗುವ ವಹನ, ಹರಿಯುವ ಗಾಳಿ ಅಥವಾ ನೀರಿನಿಂದ ಆಗುವ ಸಂವಹನ, ಕಿರಣರೂಪದ ವಿಕಿರಣ ಮತ್ತು ನೀರು ಆವಿಯಾಗುವ ಬಾಷ್ಪೀಭವನ.

ಮೊದಲಿನ ಮೂರು ದಾರಿಗಳಿಗೆ ಒಂದು ಷರತ್ತುಂಟು. ಉಷ್ಣವು ಬಿಸಿಯಾದುದರಿಂದ ತಂಪಾದುದರ ಕಡೆಗೇ ಹರಿಯುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇದ್ದು, ಹೊರಗಿನ ಗಾಳಿ 40 ಡಿಗ್ರಿ ಇದ್ದರೆ ಹರಿವು ತಿರುಗುಮುರುಗಾಗುತ್ತದೆ. ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಆಗ ಉಳಿಯುವುದು ನಾಲ್ಕನೆಯ ದಾರಿಯೊಂದೇ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಮಂಜುಗಡ್ಡೆಯಷ್ಟು ತಂಪಾದ ಆರು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಉಷ್ಣ ಬೇಕು. ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದು ಇದೇ ಕಾರಣದಿಂದ. ಗಡಿಗೆಯೂ ಬೆವರುತ್ತದೆ.

1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯನು ತನ್ನ ಮಿತ್ರರೊಡನೆ, ನೀರು ಕುದಿಯುವ ಬಿಸಿಗಿಂತಲೂ ಹೆಚ್ಚು ಕಾಯಿಸಿದ ಒಣಗಾಳಿಯ ಕೋಣೆಯನ್ನು ಹೊಕ್ಕು ಕೆಲವು ನಿಮಿಷ ನಿಂತನು. ಒಳಗಿಟ್ಟ ಮಾಂಸ ಬೆಂದಿತು. ಮನುಷ್ಯರು ಕ್ಷೇಮವಾಗಿ ಹೊರಬಂದರು. ಎರಡೂ ಮಾಂಸವೇ. ಆದರೆ ಜೀವಂತ ಮಾಂಸದಲ್ಲಿ ರಕ್ತ ಹರಿಯುತ್ತಿತ್ತು, ಬೆವರು ಆರುತ್ತಿತ್ತು.

ಇಲ್ಲಿ ರಕ್ತದ ಮಾತು ಬಂದಿತು. ಸ್ನಾಯುವಿನಲ್ಲಿ ಹುಟ್ಟಿದ ಬಿಸಿ ಚರ್ಮವನ್ನು ಮುಟ್ಟುವುದು ಹೇಗೆ? ಮಾಂಸವೂ ಕೊಬ್ಬೂ ಉಷ್ಣವನ್ನು ಚೆನ್ನಾಗಿ ಸಾಗಿಸಲಾರವು. ಆ ಕೆಲಸ ರಕ್ತದ್ದು. ರಕ್ತವು ದೇಹದಲ್ಲಿ ಸುತ್ತು ಹಾಕುತ್ತದೆ ಎಂಬುದನ್ನು ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದನು. ವಿಶ್ರಾಂತಿಯಲ್ಲಿ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಆದರೆ ಅದು ಎಲ್ಲಿಗೆ ಎಷ್ಟು ಹೋಗಬೇಕೆಂಬುದನ್ನು ನಿರ್ಧರಿಸುವವು ಸಣ್ಣ ರಕ್ತನಾಳಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯನು ಸೂಕ್ಷ್ಮ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮವನ್ನು ಕಂಡನು: ಒತ್ತಡ ಅಷ್ಟೇ ಇದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ತ್ರಿಜ್ಯ ನೂರಕ್ಕೆ ಇಪ್ಪತ್ತರಷ್ಟು ಹಿಗ್ಗಿದರೆ ಹರಿವು ಇಮ್ಮಡಿಯಾಗುತ್ತದೆ. ಕಬ್ಬಿಗೆ ಹೊಳೆಯಿಂದ ನೀರೆತ್ತುವ ನಮ್ಮ ರೈತರಿಗೆ ಕೊಳವೆಯ ಗಾತ್ರದ ಮಹತ್ವ ತಿಳಿದೇ ಇದೆ. ಅವರ ಕೊಳವೆಗಳಲ್ಲಿ ನೀರು ಸುಳಿಸುಳಿಯಾಗಿ ನುಗ್ಗುವುದರಿಂದ ಅಲ್ಲಿ ಈ ನಿಯಮ ಚಾಚೂತಪ್ಪದೆ ನಡೆಯುವುದಿಲ್ಲ. ಸಣ್ಣ ರಕ್ತನಾಳಗಳಲ್ಲಿ ಹರಿವು ಶಾಂತವಾಗಿ, ಪದರಪದರವಾಗಿ ಇರುವುದರಿಂದ ಅಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಹೀಗಾಗಿ ಚರ್ಮದ ನಾಳಗಳು ಸ್ವಲ್ಪ ಹಿಗ್ಗಿದರೂ ಬಿಸಿರಕ್ತ ಧಾರಾಳವಾಗಿ ಮೇಲಕ್ಕೆ ಬರುತ್ತದೆ. ಬಿಸಿಲಿನಲ್ಲಿ ಮುಖ ಕೆಂಪೇರುವುದು ಇದರಿಂದಲೇ.

ಇನ್ನೊಂದು ಜಾಣತನವನ್ನು ಗಮನಿಸಿರಿ. ಹೊಳೆ ಇಕ್ಕಟ್ಟಾದಲ್ಲಿ ರಭಸದಿಂದ ಓಡಿ, ಹರವಾದಲ್ಲಿ ನಿಧಾನವಾಗುತ್ತದೆ. ಅದರಂತೆ ಮಹಾಧಮನಿಯಲ್ಲಿ ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ಓಡುವ ರಕ್ತ, ಕೋಟಿಗಟ್ಟಲೆ ಲೋಮನಾಳಗಳಲ್ಲಿ ಹಂಚಿಹೋದಾಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಸಾಗುತ್ತದೆ. ಕೊಡುಕೊಳ್ಳುವ ವ್ಯವಹಾರಕ್ಕೆ ಸಮಯ ಬೇಕು. ಆ ಸಮಯ ಹೀಗೆ ದೊರೆಯುತ್ತದೆ. ಲೋಮನಾಳಗಳಲ್ಲಿ ಅಗತ್ಯಕ್ಕೆ ತಕ್ಕಂತೆ ರಕ್ತ ಹಂಚಿಕೆಯಾಗುವ ಬಗೆಯನ್ನು ಶೋಧಿಸಿದುದಕ್ಕಾಗಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕಾಕಾನಿಗೆ ಆದುದೇನೆಂಬುದು ಈಗ ಸ್ಪಷ್ಟವಾಗುತ್ತದೆ. ಎತ್ತರದ ದಂಡೆಗಳ ನಡುವೆ ಗಾಳಿ ಇರಲಿಲ್ಲ. ಕಾದ ಮರಳು, ಬಂಡೆಗಳು ಕೆಳಗಿನಿಂದಲೂ ಬಿಸಿ ಸೂಸುತ್ತಿದ್ದವು. ಬೆವರು ಸುರಿಯಿತು; ಕುಡಿದ ನೀರು ಸಾಲಲಿಲ್ಲ. ಬೆವರಿನ ನೀರು ಬರುವುದು ರಕ್ತದಿಂದಲೇ. ರಕ್ತದ ಪ್ರಮಾಣ ಇಳಿಯಿತು. ಅಗೆಯುವ ತೋಳು ರಕ್ತ ಕೇಳುತ್ತದೆ, ತಂಪಾಗಬೇಕಾದ ಚರ್ಮವೂ ಕೇಳುತ್ತದೆ. ಎರಡನ್ನೂ ಪೂರೈಸಲು ಹೃದಯಕ್ಕೆ ಸಾಧ್ಯವಾಗುವುದಿಲ್ಲ. ರಕ್ತದ ಒತ್ತಡ ಉಳಿಸಿಕೊಳ್ಳಲು ದೇಹವು ಚರ್ಮದ ನಾಳಗಳನ್ನು ಬಿಗಿಮಾಡುತ್ತದೆ. ಬಿಸಿ ಒಳಗೇ ಉಳಿಯುತ್ತದೆ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಮಿದುಳು ಕೆಡತೊಡಗುತ್ತದೆ. ತೊದಲು ಮಾತು ಅದರ ಸೂಚನೆ. ಇಂಥ ಮನುಷ್ಯನಿಗೆ ನಾನು ಹೊದಿಸಹೊರಟಿದ್ದುದು ಕಂಬಳಿ! ಆಯಿ ಸುರಿದ ನೀರು ಅವರಿಗಿಲ್ಲದ ಬೆವರಾಯಿತು. ಸೆರಗಿನ ಗಾಳಿ ಅದನ್ನು ಆವಿಮಾಡಿತು.

ಗಿಡಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವುಗಳಿಗೆ ಹೃದಯವಿಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆ, ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವುದರಿಂದ, ಬೇರಿನವರೆಗಿನ ಎಳೆಯೇ ಮೇಲಕ್ಕೆ ಜಗ್ಗಲ್ಪಡುತ್ತದೆ. ಈ ವಾದವನ್ನು ಡಿಕ್ಸನ್ ಮತ್ತು ಜೋಲಿ ಎಂಬವರು 1894ರಲ್ಲಿ ಮುಂದಿಟ್ಟರು. ಆವಿಯಾಗುವ ನೀರು ಎಲೆಯನ್ನು ತಂಪಾಗಿಯೂ ಇಡುತ್ತದೆ. ಮಣ್ಣಿನಲ್ಲಿ ನೀರು ಇಲ್ಲವಾದರೆ ರಂಧ್ರಗಳು ಮುಚ್ಚುತ್ತವೆ. ಎಲೆ ಕಾಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಆ ವರ್ಷ ನಮ್ಮ ಕಬ್ಬಿನ ಎಲೆಗಳು ಸುರುಳಿಯಾಗಿ ನಿಂತುದು ಹೀಗೆ. ನಿಪ್ಪಾಣಿಯ ಕಡೆಗೆ ಬೀಡಿ ತಂಬಾಕನ್ನು ಕೊಯ್ದು ಬಿಸಿಲಿಗೆ ಹಾಕಿದಾಗ ಎಲೆ ಬೇಗನೆ ಬಾಡುವುದೂ ಹೀಗೆಯೇ. ಬೇರಿನ ಸಂಬಂಧ ಕಡಿದುಹೋದ ಮೇಲೆ ಕಳೆದ ನೀರು ಮರಳಿ ಬರುವುದಿಲ್ಲ. ನೀರನ್ನು ಉಳಿಸಿಕೊಳ್ಳಬೇಕೋ, ಬಿಸಿಯನ್ನು ಕಳೆಯಬೇಕೋ ಎಂಬ ಇಕ್ಕಟ್ಟು ಕಬ್ಬಿಗೂ ಕಾಕಾನಿಗೂ ಒಂದೇ.

ಕೊನೆಯದಾಗಿ ಒಂದು ಎಚ್ಚರಿಕೆ. ಬೆವರು ಸುರಿದರೆ ಸಾಲದು, ಆರಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ನೀರು ನಷ್ಟ, ಲಾಭ ಶೂನ್ಯ. ಗಾಳಿಯಲ್ಲಿ ತೇವ ಹೆಚ್ಚಾದಂತೆ ಬೆವರು ಆರುವುದು ಕಡಿಮೆಯಾಗುತ್ತದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿ ಅಳೆದ ಉಷ್ಣತೆ 35 ಡಿಗ್ರಿ ಮುಟ್ಟಿದರೆ, ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಬಹಳ ಹೊತ್ತು ಬದುಕಲಾರನೆಂದು 2010ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ದುಡಿಯುವವನಿಗೆ ಅಪಾಯ ಅದಕ್ಕಿಂತ ಎಷ್ಟೋ ಮೊದಲೇ ಬರುತ್ತದೆ. ಅಥಣಿಯ ಬಯಲಿನ ಒಣಬಿಸಿಲು ಉರಿಯುತ್ತದೆ ನಿಜ. ಆದರೆ ಗಾಳಿ ಹೊಗದ ಎತ್ತರದ ಕಬ್ಬಿನೊಳಗೆ, ಎಲೆಗಳೇ ಬಿಟ್ಟ ತೇವದಲ್ಲಿ ಕೆಲಸ ಮಾಡುವವನ ಕಷ್ಟವನ್ನು ಉಷ್ಣಮಾಪಕ ಪೂರ್ತಿಯಾಗಿ ಹೇಳಲಾರದು.

ಆದುದರಿಂದ ಹೊಲದ ಕೆಲಸವನ್ನು ಮಧ್ಯಾಹ್ನ ಬಿಡಬೇಕು. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು, ಏಕೆಂದರೆ ಬೆವರಿನೊಡನೆ ಉಪ್ಪೂ ಹೋಗುತ್ತದೆ. ಯಾರಾದರೂ ಬಿಸಿಲಿಗೆ ಬಿದ್ದರೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಅದೇ 2019ರ ಆಗಸ್ಟಿನಲ್ಲಿ ಕೃಷ್ಣೆ ಮಹಾಪೂರವಾಗಿ ಬಂದು, ಕಾಕಾ ತೋಡಿದ ತಗ್ಗು ಇದ್ದ ಗುರುತೂ ಇಲ್ಲದಂತೆ ಅಳಿಸಿದಳು. ಕಾಕಾ ಈಗಲೂ ಹೊಲಕ್ಕೆ ಹೋಗುತ್ತಾರೆ. ಹೆಗಲ ಮೇಲೆ ಒದ್ದೆ ಟಾವೆಲು ಇದ್ದೇ ಇರುತ್ತದೆ. ನಾನು ಎಮ್ಮೆಗೆ ಕಲ್ಲು ಹೊಡೆಯುವುದನ್ನು ಬಿಟ್ಟು ಬಹಳ ದಿನಗಳಾದವು. ಈ ಲೇಖನವನ್ನು ಆಯಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವಳೆಂದಳು: "ಇಷ್ಟ ಬರ್ಯಾಕ ಇಷ್ಟ ಹಾಳಿ ಬೇಕಾತೇನಪಾ? ಇರ್ಲಿ, ಓದಿದವರಿಗಿ ತಿಳೀಲಿ."